ಹಾರ್ನ್ ಇಲ್ಲದ ಹೆದ್ದಾರಿ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಒಂದು ಹೆದ್ದಾರಿ ಇದೆ. ಸರ್ಕಾರದ ಪಟ್ಟಿಯಲ್ಲಿ ಅದಕ್ಕೆ ನಂಬರು ಉಂಟು, ಡಾಂಬರು ಉಂಟು, ಮೈಲಿಗೊಂದು ಗುರುತಿನ ಫಲಕವೂ ಉಂಟು. ಆದರೆ ಅದರ ಮೇಲೆ ಕಾರು ಹೋಗುವಂತಿಲ್ಲ. ಲಾರಿ, ಬಸ್ಸು, ಸ್ಕೂಟರು ಯಾವುದೂ ಹೋಗುವಂತಿಲ್ಲ. ಅದು ಎಲ್ಲಿಂದ ಹೊರಡುತ್ತದೋ ಅಲ್ಲಿಗೇ ಬಂದು ಸೇರುತ್ತದೆ. ದಾರಿ ತಪ್ಪಬೇಕೆಂದರೂ ತಪ್ಪಲು ಆಗುವುದಿಲ್ಲ. ಯಾವುದು ಹೇಳಿ?

ಉತ್ತರ: ಅಮೆರಿಕದ ಮಿಶಿಗನ್ ರಾಜ್ಯದ ಎಂ-185 ಹೆದ್ದಾರಿ. ಉದ್ದ ಸುಮಾರು 13 ಕಿಲೋಮೀಟರ್. ಒಂದು ಪುಟ್ಟ ದ್ವೀಪದ ಅಂಚಿನಲ್ಲೇ, ನೀರಿಗೆ ತಾಗಿಕೊಂಡು, ಬಳೆಯ ಹಾಗೆ ಸುತ್ತಿಕೊಂಡಿದೆ. ಅದರ ಮೇಲೆ ಓಡಾಡುವವರು ಮೂರೇ ಜಾತಿ: ನಡೆಯುವವರು, ಕುದುರೆಯವರು, ಸೈಕಲ್ಲಿನವರು.

ದ್ವೀಪದ ಹೆಸರು ಮ್ಯಾಕಿನಾ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು 'ಸಿ' ಅಕ್ಷರ ಬರುತ್ತದೆ. ಅದನ್ನು ನಂಬಿ ನೀವು 'ಮ್ಯಾಕಿನ್ಯಾಕ್' ಎಂದರೆ ಅಲ್ಲಿಯವರು ನಕ್ಕು ತಿದ್ದುತ್ತಾರೆ. ಆ 'ಸಿ' ಬರೆಯುವುದಕ್ಕೆ ಮಾತ್ರ, ಹೇಳುವುದಕ್ಕಲ್ಲ. ಆ ನೆಲದ ಮೂಲ ಜನರಾದ ಅನಿಶಿನಾಬೆಯವರು ಈ ದ್ವೀಪವನ್ನು ದೊಡ್ಡ ಆಮೆ ಎಂದು ಕರೆಯುತ್ತಿದ್ದರಂತೆ. ದೂರದಿಂದ ನೋಡಿದರೆ ನಿಜಕ್ಕೂ ಹಾಗೇ ಕಾಣುತ್ತದೆ. ನಡುವೆ ಕಾಡು ತುಂಬಿದ ಗುಡ್ಡ ಆಮೆಯ ಚಿಪ್ಪು. ಸುತ್ತಲಿನ ಸಮತಟ್ಟಾದ ಅಂಚಿನಲ್ಲಿ ನಮ್ಮ ಹೆದ್ದಾರಿ.

ಭೂಪಟ ತೆಗೆದು ನೋಡಿ. ಅಮೆರಿಕದ ಉತ್ತರಕ್ಕೆ, ಕೆನಡಾದ ಗಡಿಯಲ್ಲಿ ಐದು ಮಹಾಸರೋವರಗಳಿವೆ. ಅವುಗಳಲ್ಲಿ ಮಿಶಿಗನ್ ಮತ್ತು ಹ್ಯೂರಾನ್ ಒಂದನ್ನೊಂದು ಸೇರುವ ಕಡೆ, ಹ್ಯೂರಾನ್ ಪಾಲಿಗೆ ಬಿದ್ದ ಸಣ್ಣ ಚುಕ್ಕೆಯೇ ಮ್ಯಾಕಿನಾ. ಸುತ್ತ ಇರುವುದು ಸಿಹಿನೀರು. ಸರೋವರ ಎಂದ ಕೂಡಲೇ ನಮಗೆ ಊರ ಕೆರೆ ಕಣ್ಣ ಮುಂದೆ ಬರುತ್ತದೆ. ಇದು ಹಾಗಲ್ಲ. ಆಚೆ ದಡವೇ ಕಾಣದಷ್ಟು ದೊಡ್ಡದು. ಅಲೆ ಏಳುತ್ತದೆ, ಹಡಗು ಓಡುತ್ತದೆ. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರೆ ಉಪ್ಪಿಲ್ಲ, ಅಷ್ಟೆ.

ಇನ್ನು ಕಾರು ಏಕಿಲ್ಲ ಎಂಬ ಕಥೆಗೆ ಬರೋಣ. ಮಿಶಿಗನ್ ಎಂದರೆ ಕಾರುಗಳ ತವರುಮನೆ. ಅಲ್ಲಿನ ಡೆಟ್ರಾಯಿಟ್ ನಗರದಲ್ಲಿ ಹೆನ್ರಿ ಫೋರ್ಡ್ ತನ್ನ ಮೊದಲ ಬಂಡಿಯನ್ನು ಬೀದಿಗೆ ಇಳಿಸಿದ್ದು 1896ರ ಜೂನ್ ತಿಂಗಳಲ್ಲಿ. ತಮಾಷೆ ಏನು ಗೊತ್ತೇ? ಆ ಬಂಡಿಗೆ ಹಾಕಿದ್ದು ಸೈಕಲ್ಲಿನ ಗಾಲಿಗಳನ್ನು! ಅದಾಗಿ ಎರಡೇ ವರ್ಷಕ್ಕೆ, 1898ರಲ್ಲಿ, ಅದೇ ರಾಜ್ಯದ ಈ ಪುಟ್ಟ ದ್ವೀಪದ ಗ್ರಾಮಸಭೆ, ನಮ್ಮೂರಿಗೆ ಮೋಟಾರು ಬಂಡಿ ಬೇಡ ಎಂದು ನಿಯಮ ಮಾಡಿಬಿಟ್ಟಿತು. ಪ್ರವಾಸಿಗರನ್ನು ಸಾರೋಟಿನಲ್ಲಿ ಸುತ್ತಿಸಿ ಹೊಟ್ಟೆ ಹೊರೆಯುತ್ತಿದ್ದವರು ಅಲ್ಲಿ ಬಹಳ ಮಂದಿ. ಮೋಟಾರಿನ ಸದ್ದಿಗೆ ಕುದುರೆಗಳು ಬೆದರುತ್ತವೆ ಎಂದು ಅವರು ದೂರು ಕೊಟ್ಟಿದ್ದರು. ಸಭೆ ಅವರ ಮಾತು ಕೇಳಿತು. ದ್ವೀಪದ ಬಹುಪಾಲು ನೆಲ ಒಂದು ಉದ್ಯಾನಕ್ಕೆ ಸೇರಿದ್ದು. ಕೆಲವೇ ವರ್ಷಗಳಲ್ಲಿ ಉದ್ಯಾನದವರೂ ತಮ್ಮ ಪಾಲಿನ ನೆಲಕ್ಕೆ ಅದೇ ನಿಯಮ ಹಾಕಿದರು.

ಗಮನಿಸಿ, ಈ ನಿಯಮವನ್ನು ಯಾರೂ ಮಕ್ಕಳಿಗೋಸ್ಕರ ಮಾಡಲಿಲ್ಲ. ಸೈಕಲ್ಲಿಗೋಸ್ಕರವೂ ಅಲ್ಲ. ಕುದುರೆಗಳಿಗೋಸ್ಕರ ಮಾಡಿದ್ದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅಸಲು ಕುದುರೆಗಳ ಹೆಸರಿನಲ್ಲಿ ಜಮಾ ಆಯಿತು. ಅದರ ಬಡ್ಡಿಯನ್ನು 125 ವರ್ಷಗಳಿಗೂ ಹೆಚ್ಚು ಕಾಲದಿಂದ ಮಕ್ಕಳು ತಿನ್ನುತ್ತಿದ್ದಾರೆ.

ನಾನು ಈ ದ್ವೀಪ ನೋಡಿದ್ದು ಮಗಳ ದೆಸೆಯಿಂದ. ಅವಳ ಸಂಸಾರ ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿದೆ. ಬೇಸಿಗೆಯಲ್ಲಿ ಹೋಗಿದ್ದಾಗ ಅಳಿಯಂದಿರು, "ಮಾವ, ನಿಮಗೆ ಸೈಕಲ್ ಹೊಡೆಯೋ ಜಾಗ ತೋರಿಸ್ತೀನಿ ಬನ್ನಿ" ಎಂದು ಕರೆದುಕೊಂಡು ಹೋದರು. ನಾನು ತಿಪಟೂರಿನ ಶಾಖೆಯಲ್ಲಿದ್ದಷ್ಟು ಕಾಲವೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬಂದವನು. ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಕ್ಯಾರಿಯರಿನಲ್ಲಿ ಊಟದ ಡಬ್ಬಿ. ನಿವೃತ್ತಿಯಾದ ಮೇಲೆ ಬೆಂಗಳೂರಿಗೆ ಬಂದೆವು. ಮನೆ ಮುಂದಿನ ರಸ್ತೆ ನೋಡಿ ಮನೆಯವರೆಲ್ಲ ಸೇರಿ ಸೈಕಲ್ ಮಾರಿಸಿದರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅಂದಿನಿಂದ ಹತ್ತು ಹನ್ನೆರಡು ವರ್ಷ ಪೆಡಲ್ ಮೇಲೆ ಕಾಲಿಟ್ಟಿರಲಿಲ್ಲ.

ಡೆಟ್ರಾಯಿಟಿನಿಂದ ಉತ್ತರಕ್ಕೆ ಸುಮಾರು ಐದು ಗಂಟೆ ಕಾರಿನ ದಾರಿ. ದಡದ ಊರಿನಲ್ಲಿ ಕಾರನ್ನು ನಿಲ್ಲಿಸಿ ದೋಣಿ ಹತ್ತಬೇಕು. ಇಪ್ಪತ್ತು ನಿಮಿಷಕ್ಕೆಲ್ಲ ಆಚೆ. ಇಳಿದ ಕೂಡಲೇ ಮೊದಲು ಮೂಗಿಗೆ ಬಡಿಯುವುದು ಲದ್ದಿಯ ವಾಸನೆ, ಅದರ ಹಿಂದೆಯೇ ಕಾಯಿಸಿದ ಸಕ್ಕರೆ ಬೆಣ್ಣೆಯ ಘಮ. ಫಡ್ಜ್ ಎಂಬ ಸಿಹಿ ಅಲ್ಲಿ ಬಹಳ ಪ್ರಸಿದ್ಧ. ನಮ್ಮ ಬರ್ಫಿಯ ದಾಯಾದಿ ಎನ್ನಿ. ಅಂಗಡಿಯ ಗಾಜಿನ ಹಿಂದೆ, ಅಮೃತಶಿಲೆಯ ಮೇಜಿನ ಮೇಲೆ ಸುರಿದು ಎಲ್ಲರಿಗೂ ಕಾಣುವಂತೆ ಮಗುಚುತ್ತಾರೆ.

ದೋಣಿಕಟ್ಟೆಯ ಎದುರಿಗೇ ಬಾಡಿಗೆ ಸೈಕಲ್ ಅಂಗಡಿಗಳ ಸಾಲು. ಚಿಕ್ಕ ಮಕ್ಕಳ ಸೈಕಲ್, ಗೇರ್ ಸೈಕಲ್, ವಯಸ್ಸಾದವರಿಗೆ ಮೂರು ಗಾಲಿಯದು, ಇಬ್ಬರು ಕೂತು ತುಳಿಯುವ ಜೋಡಿ ಸೈಕಲ್, ಕೂಸುಗಳನ್ನು ಕೂರಿಸಿ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಗಾಡಿ, ಹೀಗೆ ಎಲ್ಲ ಬಗೆಯೂ ಸಿಗುತ್ತವೆ. ನಮ್ಮ ಮನೆಯವರು ಸೈಕಲ್ ಕಲಿತವರಲ್ಲ. ಆದ್ದರಿಂದ ನಮ್ಮಿಬ್ಬರಿಗೆ ಜೋಡಿ ಸೈಕಲ್. ಹಿಂದಿನ ಸೀಟಿನಲ್ಲಿ ಅವರು ಪೆಡಲ್ ತುಳಿದರೋ ಬರಿದೇ ಕಾಲಿಟ್ಟುಕೊಂಡಿದ್ದರೋ, ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ರಸ್ತೆಗೆ ಇಳಿಯುವ ಮೊದಲು ಮೂರು ಮಾತು ನೆನಪಿಡಬೇಕು. ಅಮೆರಿಕದಲ್ಲಿ ಬಲಗಡೆ ಹೋಗಬೇಕು, ನಮ್ಮ ಹಾಗೆ ಎಡಗಡೆ ಅಲ್ಲ. ಕುದುರೆಗೆ ಯಾವಾಗಲೂ ಮೊದಲು ದಾರಿ. ನಿಲ್ಲುವುದಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಬೇಕು. ಪೇಟೆಯ ಬೀದಿಯಲ್ಲಿ ಜನ, ಸಾರೋಟು, ಸೈಕಲ್ ಎಲ್ಲ ಸೇರಿ ಜಾತ್ರೆಯ ಗಜಿಬಿಜಿ. ಅಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವುದೇ ಜಾಣತನ. ಪೇಟೆ ದಾಟಿದ ಮೇಲೆ ನೋಡಿ, ಒಂದು ಪರದೆ ಸರಿದಂತೆ ಸದ್ದೆಲ್ಲ ಹಿಂದಕ್ಕೆ ಉಳಿಯುತ್ತದೆ.

ನಾವು ಪೂರ್ವದ ಕಡೆಯಿಂದ ಹೊರಟೆವು. ಬಲಗಡೆ ಒಂದು ಮಾರು ದೂರದಲ್ಲಿ ನೀರು. ದಡದಲ್ಲೆಲ್ಲ ಬಿಳಿಯ ಸುಣ್ಣಕಲ್ಲಿನ ಗುಂಡುಗಳು. ಎಡಗಡೆ ಬಂಡೆ, ಅದರ ಮೇಲೆ ದೇವದಾರು ಜಾತಿಯ ಮರಗಳು. ದಾರಿಯಲ್ಲಿ ಏರು ಇಲ್ಲ, ಇಳಿಜಾರಿಲ್ಲ. ಎಪ್ಪತ್ತು ದಾಟಿದ ಮೊಣಕಾಲುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು? ಸ್ವಲ್ಪ ದೂರ ಹೋದರೆ ತಲೆಯ ಮೇಲೆ, ನೀರಿನ ಮಟ್ಟದಿಂದ ಸುಮಾರು 45 ಮೀಟರ್ ಎತ್ತರದಲ್ಲಿ, ಆಕಾಶಕ್ಕೆ ಕಮಾನು ಕಟ್ಟಿದಂತೆ ಒಂದು ಬಂಡೆ ಕಾಣುತ್ತದೆ. ಅದಕ್ಕೆ ಆರ್ಚ್ ರಾಕ್ ಎನ್ನುತ್ತಾರೆ. ಯಾರೂ ಕೆತ್ತಿದ್ದಲ್ಲ. ಮೆತ್ತನೆಯ ಸುಣ್ಣಕಲ್ಲು ನೀರು ಗಾಳಿಗೆ ಸವೆದುಹೋಗಿ, ಗಟ್ಟಿ ಭಾಗ ಉಳಿದುಕೊಂಡು ಆಗಿದ್ದು. ಮೇಲಕ್ಕೆ ಹೋಗಲು ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಮಗಳು, ಅಳಿಯ, ಮೊಮ್ಮಗ ಹತ್ತಿ ಬಂದರು. ನಾವಿಬ್ಬರು ಕೆಳಗೆ ಕೂತು ಅವರ ಚಪ್ಪಲಿಗಳನ್ನಲ್ಲ, ಸೈಕಲ್ಲುಗಳನ್ನು ಕಾದೆವು.

ಅಲ್ಲಿಂದ ಮುಂದೆ ಹೊರಟಾಗ ಮೊಮ್ಮಗ ಕೇಳಿದ: "ತಾತ, ನಾನೊಬ್ಬನೇ ಮುಂದೆ ಹೋಗಲಾ?"

ಅವನಿಗೆ ಆಗ ಒಂಬತ್ತು ವರ್ಷ. ಸೈಕಲ್ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಅವನು ಹುಟ್ಟಿ ಬೆಳೆದದ್ದು ಕಾರಿಗಾಗಿಯೇ ಕಟ್ಟಿದ ಊರಿನಲ್ಲಿ. ಮನೆ ಮುಂದೆ ಕಾರು ನಿಲ್ಲಿಸುವ ಜಾಗವಿದೆಯಲ್ಲ, ಅದೇ ಅವನ ಸೈಕಲ್ಲಿನ ಪ್ರಪಂಚ. ಅದರಾಚೆ ಹೋಗಬೇಕೆಂದರೆ ದೊಡ್ಡವರೊಬ್ಬರು ಜೊತೆಗಿರಬೇಕು. ರಜೆಗೆ ಬೆಂಗಳೂರಿಗೆ ಬಂದಾಗಲಂತೂ ಗೇಟಿನಿಂದ ಹೊರಗೆ ಬಿಡುವ ಮಾತೇ ಇಲ್ಲ.

"ಬೇಡ ಪುಟ್ಟಾ" ಎಂದಳು ಮಗಳು. ಹೇಳಿದ ಮೇಲೆ ರಸ್ತೆಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಹೆದರುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ದೂರದಲ್ಲೊಂದು ಸಂಸಾರ ನಮ್ಮ ಹಾಗೇ ಸೈಕಲ್ ತುಳಿಯುತ್ತಿತ್ತು, ಅಷ್ಟೆ. ಅಳಿಯಂದಿರು ಒಂದು ಷರತ್ತು ಹಾಕಿದರು: ನೀರಿಗೆ ಇಳಿಯಕೂಡದು, ಹೆಲ್ಮೆಟ್ ತೆಗೆಯಕೂಡದು, ಮುಂದಿನ ಮೈಲಿ ಫಲಕದ ಹತ್ತಿರ ನಿಂತು ಕಾಯಬೇಕು. ಹುಡುಗ ಹೋದ. ಒಂದು ತಿರುವು ಬಂತು, ಕಣ್ಣಿನಿಂದ ಮರೆಯಾದ.

ಮಗಳು ಒಂದು ಮಾತೂ ಆಡಲಿಲ್ಲ. ಸ್ವಲ್ಪ ಜೋರಾಗಿ ತುಳಿಯತೊಡಗಿದಳು. ನಾನೂ ಅಪ್ಪನಾಗಿದ್ದವನೇ, ನನಗೆ ಅರ್ಥವಾಯಿತು. ಒಂದು ಮೈಲಿ ಎಂದರೆ ಒಂದೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ತಿರುವು ದಾಟಿ, ಇನ್ನೊಂದು ತಿರುವು ದಾಟಿ ಹೋದರೆ, ಫಲಕದ ಪಕ್ಕ ಸೈಕಲ್ ಒರಗಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾನೆ. "ಎಷ್ಟು ಹೊತ್ತು ಮಾಡ್ತೀರ ನೀವು! ನಾನು ಆಗಲಿಂದ ಕಾಯ್ತಾ ಇದೀನಿ" ಎಂದ. ಅವನ ಜೀವನದಲ್ಲಿ ಯಾವಾಗಲೂ ಬೇರೆಯವರು ಅವನಿಗಾಗಿ ಕಾದಿದ್ದರು. ಅವನು ದೊಡ್ಡವರಿಗಾಗಿ ಕಾದಿದ್ದು ಅದೇ ಮೊದಲು. ಆ ದಿನ ಉಳಿದ ಎಲ್ಲ ಮೈಲಿಗಳಿಗೂ ಅವನೇ ಮುಂದಾಳು.

ಉತ್ತರದ ತುದಿಗೆ ಹೋದರೆ ಬ್ರಿಟಿಷ್ ಲ್ಯಾಂಡಿಂಗ್ ಎಂಬ ಜಾಗ ಸಿಗುತ್ತದೆ. ಕೂತು ಬುತ್ತಿ ಬಿಚ್ಚಲು ಹೇಳಿ ಮಾಡಿಸಿದ್ದು. ಅದರ ಕಥೆ ಕೇಳಿ. ದ್ವೀಪದ ದಕ್ಷಿಣದ ಎತ್ತರದಲ್ಲಿ, ಬ್ರಿಟಿಷರೇ 1780ರ ಸುಮಾರಿಗೆ ಕಟ್ಟಲು ಶುರು ಮಾಡಿದ ಕೋಟೆಯೊಂದಿದೆ. ಮುಂದೆ ಅದು ಅಮೆರಿಕನ್ನರ ಕೈಸೇರಿತು. 1812ರಲ್ಲಿ ಇಬ್ಬರಿಗೂ ಮತ್ತೆ ಯುದ್ಧ ಹತ್ತಿತು. ಆ ಜುಲೈ ತಿಂಗಳ ಒಂದು ರಾತ್ರಿ ಬ್ರಿಟಿಷ್ ಪಡೆ ಸದ್ದಿಲ್ಲದೆ ಈ ಉತ್ತರದ ದಡಕ್ಕೆ ಬಂದಿಳಿಯಿತು. ಕಾಡಿನ ನಡುವೆ ಫಿರಂಗಿ ಎಳೆದುಕೊಂಡು ಹೋಗಿ ಕೋಟೆಗಿಂತ ಎತ್ತರದ ಜಾಗದಲ್ಲಿ ನಿಲ್ಲಿಸಿತು. ಕೋಟೆಯವರಿಗೆ ಯುದ್ಧ ಶುರುವಾಗಿದೆ ಎಂಬ ಸುದ್ದಿಯೇ ಮುಟ್ಟಿರಲಿಲ್ಲ! ಬೆಳಗಾದ ಮೇಲೆ ಹೋರಾಟವಿಲ್ಲದೆ ಕೋಟೆ ಒಪ್ಪಿಸಬೇಕಾಯಿತು. ಮೂರು ವರ್ಷದ ಮೇಲೆ ಒಪ್ಪಂದವಾಗಿ ಅದು ಅಮೆರಿಕನ್ನರಿಗೆ ಮರಳಿ ಸಿಕ್ಕಿತು. ಇಷ್ಟು ಹೇಳಿ ಮುಗಿಸುವುದರೊಳಗೆ ಮೊಮ್ಮಗ ಮೂರು ಚಪಾತಿ ಖಾಲಿ ಮಾಡಿದ್ದ.

ಪಶ್ಚಿಮದ ಕಡೆ ತಿರುಗಿದರೆ ದೂರದಲ್ಲಿ ಮ್ಯಾಕಿನಾ ಸೇತುವೆ ಕಾಣುತ್ತದೆ. 1957ರಲ್ಲಿ ತೆರೆದ, ಎಂಟು ಕಿಲೋಮೀಟರ್ ಉದ್ದದ ತೂಗುಸೇತುವೆ ಅದು. ಮಿಶಿಗನ್ ರಾಜ್ಯದ ಎರಡು ತುಂಡುಗಳನ್ನು ಸೇರಿಸುತ್ತದೆ. ದ್ವೀಪಕ್ಕೆ ಮಾತ್ರ ಬರುವುದಿಲ್ಲ. ಆ ಸೇತುವೆಯ ಮೇಲೆ ಹಗಲು ರಾತ್ರಿ ಓಡುವ ಕಾರು ಲಾರಿಗಳ ಸದ್ದು ಈ ದಡಕ್ಕೆ ಕೇಳಿಸುವುದಿಲ್ಲ. ಇಲ್ಲಿ ಕೇಳುವುದು ಅಲೆ, ಹಕ್ಕಿ, ಸೈಕಲ್ ಚೈನಿನ ಕಿರುಸದ್ದು ಮತ್ತು ಆಗಾಗ ಗೊರಸಿನ ಟಕಟಕ. ನಿಂತು ನಿಂತು ಸುತ್ತು ಮುಗಿಸುವಾಗ ಮೂರು ಗಂಟೆಯಾಗಿತ್ತು. ಬಿರಬಿರನೆ ತುಳಿಯುವವರು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರಂತೆ. ಅವರಿಗೆ ಏನು ಅವಸರವೋ!

ಜಮೆಯನ್ನಷ್ಟೇ ಹೇಳಿ ಖರ್ಚು ಮುಚ್ಚಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಕಾರಿಲ್ಲದೆ ಒಂದು ಊರು ನಡೆಸುವುದು ಸುಲಭವಲ್ಲ. ಬೇಸಿಗೆಯಲ್ಲಿ ದ್ವೀಪದಲ್ಲಿ ಆರುನೂರರಷ್ಟು ಕುದುರೆಗಳಿರುತ್ತವೆ. ತರಕಾರಿ, ಹಾಲು, ಹಾಸಿಗೆ, ಫ್ರಿಜ್ಜು, ಅಂಚೆಯ ಪಾರ್ಸೆಲ್ಲು ಎಲ್ಲವೂ ದೋಣಿಯಿಂದ ಇಳಿದು ಕುದುರೆಗಾಡಿ ಹತ್ತಬೇಕು. ಕಸ ಸಾಗಿಸುವುದೂ ಕುದುರೆಗಾಡಿಯೇ. ಹೋಟೆಲಿಗೆ ಬರುವವರ ಪೆಟ್ಟಿಗೆಗಳನ್ನು ಕೂಲಿ ಹುಡುಗರು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಒಂದರ ಮೇಲೊಂದು ಗೋಪುರದಂತೆ ಪೇರಿಸಿಕೊಂಡು, ಪಕ್ಕದಿಂದ ಇಣುಕಿ ದಾರಿ ನೋಡುತ್ತಾ ತುಳಿಯುತ್ತಾರೆ. ನಮ್ಮ ಸರ್ಕಸ್ಸಿನವರು ನೋಡಬೇಕು! ಬೀದಿಯ ಲದ್ದಿಯನ್ನು ದಿನವಿಡೀ ಗುಡಿಸುತ್ತಲೇ ಇರಬೇಕು. ಅದನ್ನು ಅಲ್ಲೇ ಗೊಬ್ಬರ ಮಾಡುತ್ತಾರೆ. ಊರ ತುಂಬ ಹೂವು ಅರಳಿ ನಿಂತಿದ್ದರಲ್ಲಿ ಆಶ್ಚರ್ಯವಿಲ್ಲ.

ಚಳಿಗಾಲ ಇನ್ನೂ ಕಠಿಣ. ಹೆಚ್ಚಿನ ಕುದುರೆಗಳನ್ನು ದೋಣಿಯಲ್ಲಿ ದಡದಾಚೆಗೆ ಕಳಿಸಿಬಿಡುತ್ತಾರೆ. ಉಳಿಯುವವರು ಐನೂರು ಆರುನೂರು ಜನ. ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷಗಳಲ್ಲಿ, ಹಬ್ಬ ಮುಗಿದ ಮೇಲೆ ಬಿಸಾಡುವ ಕ್ರಿಸ್‌ಮಸ್ ಮರಗಳನ್ನು ಮಂಜುಗಡ್ಡೆಯ ಮೇಲೆ ಸಾಲಾಗಿ ನೆಟ್ಟು ದಡದವರೆಗೂ ದಾರಿ ಗುರುತು ಮಾಡಿಕೊಳ್ಳುತ್ತಾರೆ. ಆಗ ಓಡಾಟಕ್ಕೆ ಹಿಮದ ಮೇಲೆ ಓಡುವ ಮೋಟಾರು ಬಂಡಿಗೆ ಅನುಮತಿ ಉಂಟು. ಆಂಬುಲೆನ್ಸ್, ಅಗ್ನಿಶಾಮಕ ಬಂಡಿ, ಪೊಲೀಸ್ ವಾಹನ ವರ್ಷವಿಡೀ ಇರುತ್ತವೆ. ಜೀವ ಉಳಿಸುವ ವಿಚಾರದಲ್ಲಿ ಅವರು ಹಟ ಹಿಡಿದು ಕೂತಿಲ್ಲ.

ಈಚೆಗೆ ಬ್ಯಾಟರಿ ಸೈಕಲ್ ಬಂದ ಮೇಲೆ ಹೊಸ ಪ್ರಶ್ನೆ ಎದ್ದಿತು. ಅದು ಸೈಕಲ್ಲೋ, ಮೋಟಾರು ಬಂಡಿಯೋ? ಅಲ್ಲಿಯವರು ಮೋಟಾರು ಎಂದೇ ತೀರ್ಮಾನಿಸಿ ಬೇಡವೆಂದರು. ಆದರೆ ಓಡಾಟಕ್ಕೆ ಅಂಗವೈಕಲ್ಯದ ತೊಂದರೆ ಇರುವವರಿಗೆ, ತುಳಿದರೆ ಮಾತ್ರ ಸಹಾಯ ಮಾಡುವ ಬಗೆಯದಕ್ಕೆ ವಿನಾಯಿತಿ ಕೊಟ್ಟರು. ನಿಯಮ ಎಂಬುದು ಒಮ್ಮೆ ಬರೆದು ಬೀರುವಿನಲ್ಲಿ ಇಟ್ಟರೆ ತಾನೇ ಉಳಿಯುವ ಫಿಕ್ಸೆಡ್ ಡಿಪಾಜಿಟ್ ಅಲ್ಲ. 1898ರಲ್ಲಿ ಬೇಡ ಎಂದವರು ಯಾರೂ ಈಗಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು, ಆಮೇಲೆ ಬಂದು ನೆಲೆಸಿದವರು, ಪ್ರತಿಯೊಂದು ತಲೆಮಾರೂ ಅದನ್ನು ಹೊಸದಾಗಿ ರಿನ್ಯೂ ಮಾಡಿಕೊಂಡು ಬಂದಿದ್ದಾರೆ. ಲದ್ದಿ ಗುಡಿಸುವ ಕಷ್ಟ ಸಹಿತ.

"ಅದು ದ್ವೀಪ ಸ್ವಾಮಿ, ಅಲ್ಲಿ ನಡೆಯುತ್ತದೆ" ಎನ್ನುವವರು ಇರುತ್ತಾರೆ. ನಿಜ, ಸುತ್ತ ನೀರಿದ್ದರೆ ಬೇಲಿ ಹಾಕುವ ಕೆಲಸ ಉಳಿಯುತ್ತದೆ. ಆದರೆ ಪ್ರಪಂಚದಲ್ಲಿ ಸಾವಿರಾರು ದ್ವೀಪಗಳಿವೆ, ಬಹಳಷ್ಟರಲ್ಲಿ ಕಾರು ಹಾಯಾಗಿ ಓಡಾಡುತ್ತಿದೆ. ಇತ್ತ, ನೀರಿನ ಬೇಲಿಯೇ ಇಲ್ಲದ ನಮ್ಮ ನೆರೆಯ ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮದಲ್ಲಿ ಪ್ರವಾಸಿಗರ ಕಾರನ್ನು ಊರ ಹೊರಗೇ ನಿಲ್ಲಿಸುತ್ತಾರೆ. ನೀರು ಮಾಡದ ಕೆಲಸವನ್ನು ಎರಡು ಕಡೆಯೂ ಜನರ ತೀರ್ಮಾನ ಮಾಡಿದೆ.

ಮಿಶಿಗನ್ ಕಡೆ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಎರಡು ಕಿವಿಮಾತು. ಮೇ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಹೋಗಲು ಒಳ್ಳೆಯ ಕಾಲ. ಬೇಸಿಗೆಯಲ್ಲೂ ನೀರಿನ ಮೇಲಿನ ಗಾಳಿ ತಣ್ಣಗಿರುತ್ತದೆ, ಒಂದು ಸ್ವೆಟರ್ ಇರಲಿ. ಬೆಳಿಗ್ಗೆ ಮೊದಲ ದೋಣಿಗಳಲ್ಲೇ ಹೋದರೆ ರಸ್ತೆ ನಿಮ್ಮದೇ. ಬುತ್ತಿ ಮನೆಯಿಂದಲೇ ಒಯ್ಯಿರಿ. ಎಲ್ಲವೂ ಕುದುರೆಗಾಡಿಯಲ್ಲಿ ಬರುವ ಊರಿನಲ್ಲಿ ಊಟ ಅಗ್ಗವಾಗಿರುವುದಿಲ್ಲ. ಸೈಕಲ್ ಬಾರದವರು ಬೇಸರಪಡಬೇಕಿಲ್ಲ, ಸಾರೋಟು ಉಂಟು. ಸೈಕಲ್ ಬಿಟ್ಟು ಬಹಳ ವರ್ಷವಾಗಿದ್ದರೆ ಮೂರು ಗಾಲಿಯದನ್ನು ಕೇಳಿ ಪಡೆಯಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಈಗ ಮಕ್ಕಳಿಗೆ ಈ ವಾರದ ಕೆಲಸ. ನಿಮ್ಮ ಮನೆಯನ್ನು ನಡುವೆ ಇಟ್ಟು ಸುತ್ತಲಿನ ಬೀದಿಗಳ ಒಂದು ನಕ್ಷೆ ಬರೆಯಿರಿ. ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು, ನಿಮ್ಮ ವಯಸ್ಸಿನಲ್ಲಿ ಅವರು ಒಬ್ಬರೇ ನಡೆದೋ ಸೈಕಲ್ಲಿನಲ್ಲೋ ಎಲ್ಲಿಯವರೆಗೆ ಹೋಗುತ್ತಿದ್ದರು ಎಂದು ಕೇಳಿ. ಅವರು ಬೇರೆ ಊರಿನಲ್ಲಿ ಬೆಳೆದಿದ್ದರೆ ದೂರವನ್ನಷ್ಟೇ ಅಂದಾಜಿನಲ್ಲಿ ಗುರುತಿಸಿ, ಹಸಿರು ಬಣ್ಣದಲ್ಲಿ ಒಂದು ಸುತ್ತು ಎಳೆಯಿರಿ. ಆಮೇಲೆ ಅಪ್ಪ ಅಮ್ಮನನ್ನು ಕೇಳಿ ನೀಲಿ ಬಣ್ಣದ ಸುತ್ತು. ಕೊನೆಗೆ, ಇವತ್ತು ನೀವು ಒಬ್ಬರೇ ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಗೆ ಕೆಂಪು ಸುತ್ತು. ನಕ್ಷೆಯನ್ನು ಮನೆಯವರೆಲ್ಲ ನೋಡುವ ಕಡೆ, ಫ್ರಿಜ್ಜಿನ ಬಾಗಿಲ ಮೇಲೋ ಕ್ಯಾಲೆಂಡರಿನ ಪಕ್ಕವೋ ಅಂಟಿಸಿ. ಕೆಂಪು ಸುತ್ತು ಗೇಟಿನೊಳಗೇ ನಿಂತಿದ್ದರೆ, ಅದನ್ನು ಪಕ್ಕದ ಬೀದಿಯವರೆಗಾದರೂ ದೊಡ್ಡದು ಮಾಡಲು ಏನು ಮಾಡಬಹುದು ಎಂದು ದೊಡ್ಡವರನ್ನು ಕೇಳಿ. ಉತ್ತರ ಕೊಡುವವರೆಗೂ ಬಿಡಬೇಡಿ.